ಕಾಡು ತುಂಡಾದರೆ ಬಿಳಿಕತ್ತಿನ ಕೊಕ್ಕರೆಗೆ ಹೆಚ್ಚು ಪೆಟ್ಟೋ, ಸಿಂಗಳೀಕಕ್ಕೋ?

ಶಿರಸಿ, ಸಿದ್ದಾಪುರದ ಕಡೆ ಬಿಳಿಕತ್ತಿನ ಕೊಕ್ಕರೆ, ಸಿಂಗಳೀಕ ಎಂಬ ಕಪ್ಪು ಮಂಗ, ಈ ಎರಡೂ ಇವೆ, ಕಾಡು ತುಂಡಾದರೆ ಮೊದಲು ಸೋಲುವುದು ಯಾವುದು ಎಂದು ಕೇಳಿದ್ದೀರಿ. ನನ್ನ ಉತ್ತರ ಸಿಂಗಳೀಕ, ಅದರಲ್ಲಿ ಅನುಮಾನವೇ ಇಲ್ಲ.

ಕೊಕ್ಕರೆಗೆ ಬೇಕಾದದ್ದು ಗೂಡಿಗೆ ಒಂದು ಎತ್ತರದ ಮರ, ಹತ್ತಿರದಲ್ಲಿ ಕಪ್ಪೆ, ಏಡಿ, ಹುಳ ಸಿಗುವ ಗದ್ದೆ ಅಥವಾ ಹೊಳೆದಂಡೆ. ನಡುವೆ ಕಾಡು ಕಡಿದಿದ್ದರೆ ಹಾರಿ ದಾಟುತ್ತದೆ. ಒಂದು ಸಲಕ್ಕೆ ಮೂರು ನಾಲ್ಕು ಮೊಟ್ಟೆ, ಕಾವು ಸುಮಾರು ಒಂದು ತಿಂಗಳು, ಮರಿ ಎರಡು ತಿಂಗಳಲ್ಲಿ ಹಾರುತ್ತದೆ. ಗದ್ದೆ ತುಂಬಿಸಿ ಅಡಕೆ ಹಾಕುವುದು, ಗೂಡಿನ ಮರ ಕಡಿಯುವುದು ಅದಕ್ಕೂ ಕಷ್ಟವೇ, ಆದರೆ ಒಂದು ವರ್ಷ ಕೆಟ್ಟರೆ ಮುಂದಿನ ವರ್ಷ ಸುಧಾರಿಸಿಕೊಳ್ಳಬಹುದು.

ಸಿಂಗಳೀಕಕ್ಕೆ ಆ ಅವಕಾಶವಿಲ್ಲ. ಗರ್ಭ ಐದೂವರೆ ತಿಂಗಳು, ಹೆರುವುದು ಒಂದೇ ಮರಿ, ಮುಂದಿನದಕ್ಕೆ ಎರಡೂವರೆ ವರ್ಷದಷ್ಟು ಅಂತರ. ಒಂದು ದೊಡ್ಡ ಹೆಣ್ಣು ಸತ್ತರೆ ಗುಂಪು ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಮರದಿಂದ ಮರಕ್ಕೇ ಓಡಾಡುವ ಪ್ರಾಣಿ. ರಸ್ತೆ ಅಗಲ ಮಾಡಿ ಮೇಲಿನ ಕೊಂಬೆಗಳು ಕೂಡದಂತಾದರೆ ನೆಲಕ್ಕಿಳಿಯಬೇಕು, ಅಲ್ಲಿ ವಾಹನ, ನಾಯಿ. ತಂತಿ ಹಿಡಿದು ದಾಟಲು ಹೋದರೆ ವಿದ್ಯುತ್ ಆಘಾತ. ಘಟ್ಟದ ರಸ್ತೆಯಲ್ಲಿ ಜನ ತಿಂಡಿ ಎಸೆಯುವುದು ಇನ್ನೂ ಕೆಟ್ಟದ್ದು, ಗುಂಪು ರಸ್ತೆ ಬಿಟ್ಟು ಹೋಗುವುದೇ ಇಲ್ಲ.

ಆಹಾರವೂ ಹಾಗೆಯೇ: ಅತ್ತಿ, ಹಲಸು, ಉಪ್ಪಾಗೆ ಎಂಬ ಹುಳಿಹಣ್ಣು, ಹುಳುಹುಪ್ಪಟೆ. ವರ್ಷವಿಡೀ ಯಾವುದಾದರೊಂದು ಮರ ಹಣ್ಣು ಬಿಡುತ್ತಿರಬೇಕು. ಉಪ್ಪಾಗೆ ಸಿಪ್ಪೆಗೆ ಒಳ್ಳೆ ಬೆಲೆ ಇರುವುದರಿಂದ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ಯುವವರಿದ್ದಾರೆ. ಮುಂದಿನ ವರ್ಷದ ಫಸಲೂ ಹೋಯಿತು, ಮಂಗನ ದಾರಿಯೂ ಹೋಯಿತು. ಕೊಂಬೆ ಉಳಿಸಿ, ಹಣ್ಣಾದದ್ದನ್ನು ಮಾತ್ರ ಕೊಯ್ದು, ಒಂದು ಪಾಲು ಮರದಲ್ಲೇ ಬಿಡಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಅತ್ತಿ ಜಾತಿಯ ಮರಗಳನ್ನು ಪೂರ್ತಿ ಸವರಬೇಡಿ.

ಅಘನಾಶಿನಿ ಕೊಳ್ಳಕ್ಕೆ 2011ರಲ್ಲಿ ಸಂರಕ್ಷಣಾ ಮೀಸಲು ಬಂತು, 2019ರಲ್ಲಿ ಅದು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿತು. ಆದರೆ ಬೆಟ್ಟ, ತೋಟದಂಚಿನ ಮರಗಳು ಉಳಿಯುವುದು ನಮ್ಮ ಕೈಯಲ್ಲೇ.

ನೋಡುವಾಗ ಮುಸಿಯವನ್ನು (ಲಂಗೂರ್) ಸಿಂಗಳೀಕ ಎಂದುಕೊಳ್ಳಬೇಡಿ. ಮುಸಿಯದ ಮುಖ ಕಪ್ಪು, ಮೈ ಬೂದು, ಬಾಲ ಮೈಗಿಂತ ಉದ್ದ. ಸಿಂಗಳೀಕದ ಮೈಯೇ ಕಪ್ಪು, ಮುಖದ ಸುತ್ತ ಬೂದು ಕೇಸರ, ಗಿಡ್ಡ ಬಾಲದ ತುದಿಯಲ್ಲಿ ಕುಚ್ಚು.