ಕ್ಲಾಸಲ್ಲಿ ಎಲ್ಲಾ ಅರ್ಥವಾಗುತ್ತದೆ, ಲೆಕ್ಕಕ್ಕೆ ಕೂತರೆ ಕೈ ಓಡುವುದಿಲ್ಲ. ಫಿಸಿಕ್ಸ್ ಕೋರ್ಸ್ ಬದಲಾಯಿಸಲಾ?

ಕಾಲೇಜಿನ ಮೊದಲ ವರ್ಷ, ಕ್ಯಾಲ್ಕುಲಸ್ ಇರುವ ಫಿಸಿಕ್ಸ್ ಕೋರ್ಸು. ಪಾಠ ಕೇಳುವಾಗ ಸಲೀಸು, ಲೆಕ್ಕ ಮಾತ್ರ ಬಗೆಹರಿಯುವುದಿಲ್ಲ. ಕ್ಯಾಲ್ಕುಲಸ್ ಇಲ್ಲದ ಕೋರ್ಸಿಗೆ ಹೋದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಬಹುಶಃ ಇಲ್ಲ. ನಾನೂ ಮೊದಲ ಪರೀಕ್ಷೆಯಲ್ಲಿ ಫೇಲಾದವನೇ. ಆಮೇಲೆ ಕೆಲವು ವರ್ಷ ಇದೇ ಪಾಠ ಮಾಡಿದೆ. ನಿಮ್ಮನ್ನು ಕಾಡುತ್ತಿರುವುದು ಕ್ಯಾಲ್ಕುಲಸ್ ಅಲ್ಲ ಅಂತ ನನಗನ್ನಿಸುತ್ತದೆ.

ಒಂದು ಸಣ್ಣ ಪರೀಕ್ಷೆ. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೀರಿ. ಅದು ಕೈಯಿಂದ ಬಿಟ್ಟು ಇನ್ನೂ ಮೇಲೇರುತ್ತಿದೆ. ಗಾಳಿಯನ್ನು ಮರೆತುಬಿಡಿ. ಈಗ ಚೆಂಡಿನ ಮೇಲೆ ಯಾವ್ಯಾವ ಬಲ ಇದೆ? "ಮೇಲಕ್ಕೆ ಕೈ ಕೊಟ್ಟ ಬಲ, ಕೆಳಕ್ಕೆ ಗುರುತ್ವ, ತುತ್ತತುದಿಯಲ್ಲಿ ಎರಡೂ ಸಮ" ಅಂತ ಮನಸ್ಸಿಗೆ ಬಂತಾ? ಪರೀಕ್ಷೆಯಲ್ಲಿ ಕೈ ಕೊಡುವುದು ಇದೇ ಬಲ. ಇರುವುದು ಗುರುತ್ವ ಒಂದೇ. ತುದಿಯಲ್ಲಿ ವೇಗ ಸೊನ್ನೆ ನಿಜ, ಆದರೆ ವೇಗೋತ್ಕರ್ಷ ಅಲ್ಲೂ 9.8 ಮೀಟರ್ ಪ್ರತಿ ಸೆಕೆಂಡ್ ವರ್ಗವೇ, ಕೆಳಮುಖವಾಗಿ. ಅದೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನೇತಾಡುತ್ತಿತ್ತು, ಅಲ್ವಾ?

ಅಂದರೆ ನಾವು ಖಾಲಿ ತಲೆಯಲ್ಲಿ ಈ ಕೋರ್ಸಿಗೆ ಬರುವುದಿಲ್ಲ. ಚಿಕ್ಕಂದಿನಿಂದ ತಳ್ಳಿ, ಎಳೆದು, ಬಿದ್ದು ಕಲಿತ ನಮ್ಮದೇ ಒಂದು ಫಿಸಿಕ್ಸ್ ಒಳಗೆ ಕೂತಿರುತ್ತದೆ. ಮೇಷ್ಟ್ರು ಹೇಳುವಾಗ ಅದು ಸುಮ್ಮನಿರುತ್ತದೆ, ಪೆನ್ನು ಹಿಡಿದ ಕೂಡಲೇ ಎದ್ದು ಬರುತ್ತದೆ. ಇದನ್ನು ಅಳೆಯಲೆಂದೇ ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು 1992ರಲ್ಲಿ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಎಂಬ ಪ್ರಶ್ನೆಪತ್ರಿಕೆ ಪ್ರಕಟಿಸಿದರು. ಅದರಲ್ಲಿ ಸೂತ್ರ ಹಾಕಿ ಮಾಡುವ ಲೆಕ್ಕ ಒಂದೂ ಇಲ್ಲ, ಬರೀ ಇಂಥ ಪ್ರಶ್ನೆಗಳು. ಹಾರ್ವರ್ಡ್‌ನ ಎರಿಕ್ ಮಜೂರ್ ತಮ್ಮ ಕ್ಲಾಸಿಗೆ ಇಂಥದ್ದೇ ಪರೀಕ್ಷೆ ಕೊಟ್ಟಾಗ, ನೀವು ಹೇಳಿಕೊಟ್ಟ ಹಾಗೆ ಬರೆಯಬೇಕಾ, ನನಗೆ ಅನ್ನಿಸುವ ಹಾಗೆ ಬರೆಯಬೇಕಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ತೊಂದರೆಯೂ ಆ ಪ್ರಶ್ನೆಯಲ್ಲೇ ಇದೆ.

ನಾನು ಫೇಲಾದ ಪರೀಕ್ಷೆಯ ಒಂದು ಲೆಕ್ಕ ಇನ್ನೂ ನೆನಪಿದೆ. 60 ಕೆಜಿಯ ಮನುಷ್ಯ ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಲಿಫ್ಟ್ ಮೇಲಕ್ಕೆ 2 ಮೀಟರ್ ಪ್ರತಿ ಸೆಕೆಂಡ್ ವರ್ಗದ ವೇಗೋತ್ಕರ್ಷದಲ್ಲಿ ಹೊರಟಿದೆ. ಯಂತ್ರ ಅವನನ್ನು ಎಷ್ಟು ಬಲದಿಂದ ಮೇಲೆ ಒತ್ತುತ್ತದೆ? ನಾನು 60 ಅನ್ನು 9.8ರಿಂದ ಗುಣಿಸಿ 588 ನ್ಯೂಟನ್ ಅಂತ ಬರೆದು, ಖುಷಿಯಾಗಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಚಿತ್ರ ಬರೆಯಲೇ ಇಲ್ಲ.

ಚಿತ್ರ ಅಂದರೆ ಕಲಾಕೃತಿ ಬೇಡ. ಮನುಷ್ಯನ ಬದಲು ಒಂದು ಚುಕ್ಕೆ. ಅವನನ್ನು ಮುಟ್ಟುತ್ತಿರುವುದು ಯಂತ್ರ ಮಾತ್ರ, ಅದಕ್ಕೆ ಮೇಲಕ್ಕೊಂದು ಬಾಣ. ಭೂಮಿ ಎಳೆಯುತ್ತಿದೆ, ಕೆಳಕ್ಕೊಂದು ಬಾಣ. ಅಷ್ಟೇ. ಚುಕ್ಕೆ ಮೇಲಕ್ಕೆ ವೇಗ ಪಡೆಯುತ್ತಿರುವುದರಿಂದ ಮೇಲಿನ ಬಾಣ ಉದ್ದ ಇರಲೇಬೇಕು. ವ್ಯತ್ಯಾಸ 60 ಗುಣಿಸು 2, ಅಂದರೆ 120. ಉತ್ತರ 708 ನ್ಯೂಟನ್. ಈಗ ಅದೇ ಲಿಫ್ಟ್ ಮೇಲೇರುತ್ತಲೇ ಅಷ್ಟೇ ವೇಗೋತ್ಕರ್ಷದಲ್ಲಿ ನಿಧಾನವಾಗುತ್ತಿದೆ ಅನ್ನಿ. ಉತ್ತರ 468. ಹೋಗುತ್ತಿರುವುದು ಮೇಲಕ್ಕೇ, ಆದರೂ ಕಡಿಮೆ! ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಮಾತ್ರ ನನ್ನ 588. ಇದರಲ್ಲಿ ಕ್ಯಾಲ್ಕುಲಸ್ ಎಲ್ಲಿ ಬಂತು ಹೇಳಿ?

ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸಿಗೆ ಬೇಕಾಗುವ ಕ್ಯಾಲ್ಕುಲಸ್ ಜಾಸ್ತಿ ಏನಿಲ್ಲ. ವಿದ್ಯುತ್, ಕಾಂತತ್ವಕ್ಕೆ ಬಂದಾಗ ಹೆಚ್ಚುತ್ತದೆ, ಅದು ಬೇರೆ ಮಾತು. ಕ್ಯಾಲ್ಕುಲಸ್ ಕಷ್ಟ ಅನ್ನುತ್ತಿದ್ದ ನನ್ನ ಹುಡುಗರಲ್ಲಿ ಸುಮಾರು ಜನ ನಿಜಕ್ಕೂ ಸಿಕ್ಕಿಕೊಳ್ಳುತ್ತಿದ್ದುದು ಇಳಿಜಾರಿನ ಲೆಕ್ಕದಲ್ಲಿ, ಸೈನ್ ಹಾಕಬೇಕಾ ಕೊಸೈನ್ ಹಾಕಬೇಕಾ ಅಂತ. ಬಾಯಿಪಾಠ ಬೇಡ. ಇಳಿಜಾರನ್ನು ಚಪ್ಪಟೆ ಮಾಡಿ ನೋಡಿ: ಕೋನ ಸೊನ್ನೆಯಾದರೆ ಪೆಟ್ಟಿಗೆ ಜಾರಬಾರದು. ಸೊನ್ನೆಯಾಗುವುದು ಸೈನ್. ಹಾಗಾಗಿ ಗುರುತ್ವದಲ್ಲಿ ಪೆಟ್ಟಿಗೆಯನ್ನು ಜಾರಿಸುವ ಭಾಗಕ್ಕೆ ಸೈನ್.

ಮುಂದೆ ಎಂಜಿನಿಯರಿಂಗ್ ಅಥವಾ ಫಿಸಿಕ್ಸೇ ಓದುವುದಾದರೆ ಕೋರ್ಸ್ ಬಿಡಬೇಡಿ. ಕ್ಯಾಲ್ಕುಲಸ್ ಇಲ್ಲದ್ದನ್ನು ಅಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ, ಮತ್ತೆ ಮೊದಲಿಂದ ಮಾಡಬೇಕಾದೀತು. ಜೀವಶಾಸ್ತ್ರದ ಕಡೆ ಹೋಗುವವರಿಗೆ ಕ್ಯಾಲ್ಕುಲಸ್ ಇಲ್ಲದ, ಬರೀ ಬೀಜಗಣಿತದ ಕೋರ್ಸೇ ಎಷ್ಟೋ ಕಡೆ ಸಾಕು, ನಿಮ್ಮ ವಿಭಾಗದಲ್ಲಿ ಕೇಳಿಕೊಳ್ಳಿ. ಅದೇನು ಸುಲಭದ ಕೋರ್ಸ್ ಅಂದುಕೊಳ್ಳಬೇಡಿ. ಈ ಲಿಫ್ಟು, ಈ ಇಳಿಜಾರು ಅಲ್ಲೂ ಕಾಯುತ್ತಿರುತ್ತವೆ.

ಇನ್ನು ಓದುವ ರೀತಿ. ಬಿಡಿಸಿಟ್ಟ ಲೆಕ್ಕ ಓದಿ ತಲೆಯಾಡಿಸುವುದು ಕಲಿಕೆ ಅಲ್ಲ. ಓದಿ, ಪುಸ್ತಕ ಮುಚ್ಚಿ, ಅರ್ಧ ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಮಾಡಿ. ಸಂಖ್ಯೆಗಳನ್ನು ಕೊನೆಯವರೆಗೂ ಹಾಕಬೇಡಿ. ಜೊತೆಗೊಬ್ಬರು ಸಿಕ್ಕರೆ ವಾದ ಮಾಡಿ. ಸುಮ್ನೆ ಹೇಳುತ್ತಿಲ್ಲ: 1998ರಲ್ಲಿ ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ರಿಚರ್ಡ್ ಹೇಕ್, ಮೇಲೆ ಹೇಳಿದಂಥ ಪ್ರಶ್ನೆಪತ್ರಿಕೆಗಳಲ್ಲಿ ಸುಮಾರು 6,000 ವಿದ್ಯಾರ್ಥಿಗಳು ಪಡೆದ ಅಂಕಗಳನ್ನು ಹೋಲಿಸಿದಾಗ, ಚರ್ಚೆ ಮಾಡುತ್ತಾ ಕಲಿತ ಕ್ಲಾಸುಗಳ ಸುಧಾರಣೆ ಬರೀ ಪಾಠ ಕೇಳಿದ ಕ್ಲಾಸುಗಳಿಗಿಂತ ಸರಾಸರಿ ಸುಮಾರು ಎರಡು ಪಟ್ಟು ಇತ್ತು.

ಎರಡು ವಾರ ಹೀಗೆ ಮಾಡಿ ನೋಡಿ, ಆಮೇಲೆ ಅರ್ಜಿ ಕೊಡುವುದೋ ಬೇಡವೋ ಯೋಚಿಸಿ. ಮೊದಲ ಲೆಕ್ಕ ನಾನೇ ಕೊಡುತ್ತೇನೆ: ಅದೇ ಲಿಫ್ಟ್ ಕೆಳಗಿಳಿಯುತ್ತಾ 2ರ ದರದಲ್ಲಿ ನಿಧಾನವಾಗುತ್ತಿದೆ. ಚುಕ್ಕೆ, ಎರಡು ಬಾಣ. 468 ಬಂದರೆ ಬಾಣಗಳನ್ನು ಮತ್ತೆ ನೋಡಿ, 708 ಬಂದರೆ ಇಲ್ಲೇ ಕೆಳಗೆ ಬರೆದು ತಿಳಿಸಿ.