ಓಣಿ ಹೋಗಿ ಸೆಕ್ಟರ್ ಬಂದ ಊರು

ಪ್ರಶ್ನೆ: ಮಾನ್ಯರೆ, ನಾನು ಹುಟ್ಟಿ ಬೆಳೆದದ್ದು ಹಳೆಯ ಬಾಗಲಕೋಟೆಯಲ್ಲಿ. 1989ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗಾಗಿ ಮನೆ ತೆರವಾದಾಗ ತವರಿನವರು, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ ಹೋದರು. ಗೋಡೆಗೆ ಗೋಡೆ ಹತ್ತಿಕೊಂಡಿದ್ದ ನೆರೆಯವರಿಗೆ ಬೇರೊಂದು ಸೆಕ್ಟರಿನಲ್ಲಿ ನಿವೇಶನ ಸಿಕ್ಕಿತು. ಈಗ ತವರಿಗೆ ಹೋದರೂ ಊರಿಗೆ ಹೋದಂತೆ ಅನ್ನಿಸುವುದಿಲ್ಲ. ‘ಅಜ್ಜೀ, ನಿನ್ನ ಊರು ತೋರಿಸು’ ಎಂದು ಮೊಮ್ಮಗಳು ಕೇಳುತ್ತಾಳೆ. ಅವಳಿಗೆ ಏನನ್ನು ತೋರಿಸಲಿ?
– ಓದುಗರೊಬ್ಬರು, ಪುಣೆ

ಉತ್ತರ: ಅಮ್ಮಾ, ಬೇರೆ ಊರುಗಳು ಹಳೆಯ ಮಾಳಿಗೆ ಇಳಿದು ಆರ್‌ಸಿಸಿ ಏರಿ, ಅಗಸಿ ಬಿದ್ದು ರಸ್ತೆ ಅಗಲವಾಗಿ, ಅಲ್ಲಿಯೇ ಇರುವವರಿಗೆ ಅರಿವಿಗೆ ಬಾರದಷ್ಟು ನಿಧಾನವಾಗಿ ಬದಲಾಗುತ್ತವೆ. ನಿಮ್ಮ ಊರಿನಲ್ಲಿ ಯಾವ ಮನೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ನಿರ್ಧರಿಸಿದ್ದು ಸಮುದ್ರಮಟ್ಟದಿಂದ ಅಳೆದ ಒಂದು ಎತ್ತರ. ಆಲಮಟ್ಟಿಯಲ್ಲಿ ಕೃಷ್ಣೆಯನ್ನು 519.60 ಮೀಟರಿನವರೆಗೆ ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಒತ್ತಿ ಬಂದು ಹಳೆಯ ಊರಿನ ತಗ್ಗು ಭಾಗವನ್ನು ಮುಟ್ಟುತ್ತದೆ. ಆ ನೀರು ಯಾದಗಿರಿ, ರಾಯಚೂರು ಕಡೆಯ ಹೊಲಗಳನ್ನು ಹಸಿರಾಗಿಸಿದ್ದು ನಿಜ. ಹಾಗೆಂದು ನಿಮ್ಮ ಸಂಕಟ ಸಣ್ಣದಾಗುವುದಿಲ್ಲ, ಅದನ್ನು ಯಾರ ಮುಂದೆಯೂ ಸಮರ್ಥಿಸಿಕೊಳ್ಳಬೇಕಾಗಿಯೂ ಇಲ್ಲ.

ಪರಿಹಾರದ ಲೆಕ್ಕದಲ್ಲಿ ಗೋಡೆ, ತೊಲೆ, ಬಾಗಿಲುಗಳಿಗೆ ಬೆಲೆ ಕಟ್ಟಬಹುದು. ಆದರೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಹಪ್ಪಳ ಒಣಗಿಸುವುದು, ಸಂಜೆ ಕಟ್ಟೆಯ ಮೇಲೆ ಕುಳಿತು ಓಣಿಯ ಸುಖದುಃಖ ಮಾತಾಡುವುದು, ಇವಕ್ಕೆಲ್ಲ ಮನೆಗಳು ಒಂದಕ್ಕೊಂದು ಅಂಟಿಕೊಂಡಿರಬೇಕಾಗಿತ್ತು. ನವನಗರದಲ್ಲಿ ಅಗಲವಾದ ರಸ್ತೆಗಳಿವೆ, 1997ರಲ್ಲಿ ಜಿಲ್ಲೆಯಾದ ಬಳಿಕ ಬಂದ ಕಚೇರಿಗಳಿವೆ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಊರು, ಅವರ ಅಭಿಮಾನವನ್ನೂ ನಾವು ಗೌರವಿಸಬೇಕು. ನೀವು ಹುಡುಕುತ್ತಿರುವುದು ನಿಮ್ಮ ನೆರೆಹೊರೆಯನ್ನು. ಅದು ಸೆಕ್ಟರುಗಳಲ್ಲಿ ಹಂಚಿಹೋಗಿದೆ.

ಹೋಳಿ ಹಬ್ಬಕ್ಕೆ ಹೋಗಿ ಎಂಬುದು ನನ್ನ ಸಲಹೆ. ಹಲಗಿಯ ಸದ್ದು, ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿಕೊಂಡು ಬರುವ ಬಂಡಿಗಳು, ಹಳೆಯ ಊರಿನ ಕಿಲ್ಲಾ ಓಣಿಯ ಕಡೆಯಿಂದ ಬರುವ ಗದ್ದಲ, ಇವನ್ನು ಮೊಮ್ಮಗಳು ತಾನೇ ಕಂಡು ಕೇಳಲಿ. ಬೇಸಿಗೆಯಾದರೆ ಹಿನ್ನೀರು ಇಳಿದಿರುತ್ತದೆ, ದಂಡೆಯಲ್ಲಿ ನಿಂತು ನಿಮ್ಮ ಮನೆ ಇದ್ದ ದಿಕ್ಕನ್ನಾದರೂ ಬೆರಳು ಮಾಡಿ ತೋರಿಸಬಹುದು. ಇದನ್ನು ಬಹಳ ಮುಂದೂಡಬೇಡಿ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿತು. ಅದು ಜಾರಿಗೆ ಬಂದರೆ ಇಂದು ಕಾಣುವ ನೆಲದಲ್ಲಿಯೂ ಒಂದಷ್ಟು ನೀರಿನಡಿ ಸೇರುತ್ತದೆ.

ಹೊರಡುವ ಮೊದಲು ದೊಡ್ಡ ಹಾಳೆಯೊಂದರಲ್ಲಿ ಓಣಿಯ ನಕ್ಷೆ ಬರೆಯಿರಿ: ಯಾರ ಮನೆಯ ಪಕ್ಕಕ್ಕೆ ಯಾರ ಮನೆ, ಬಾವಿ ಎಲ್ಲಿ, ಗಿರಣಿ ಎಲ್ಲಿ, ಬೇವಿನ ಮರ ಎಲ್ಲಿ ಎಂದು. ಬೇರೆ ಸೆಕ್ಟರಿಗೆ ಹೋದ ಆ ನೆರೆಯವರನ್ನೂ ದಂಡೆಗೆ ಕರೆದುಕೊಂಡು ಹೋಗಿ. ನೀವು ಮರೆತ ಮನೆಗಳ ಹೆಸರು ಅವರ ನೆನಪಿನಲ್ಲಿರಬಹುದು.