ತೋಟದ ಪ್ರಶ್ನೋತ್ತರ: ಯೂರಿಯಾ ಬಿಟ್ಟ ಹುಲ್ಲುಹಾಸಿನ ಒಂದು ವರ್ಷ

ಪ್ರಶ್ನೆ: ನಮ್ಮ ಮನೆಯ ಮುಂದೆ ಸುಮಾರು ಒಂದು ಗುಂಟೆಯಷ್ಟು ಬರ್ಮುಡಾ ಹುಲ್ಲುಹಾಸು ಇದೆ. ಮಾಲಿ ತಿಂಗಳಿಗೊಮ್ಮೆ ಯೂರಿಯಾ ಎರಚುತ್ತಾರೆ. ಎಂಟು ಹತ್ತು ದಿನ ಕಣ್ಣು ಕುಕ್ಕುವಂಥ ಹಸಿರು, ಆಮೇಲೆ ಮತ್ತೆ ಹಳದಿ. ಮೊಮ್ಮಕ್ಕಳು ಬರಿಗಾಲಿನಲ್ಲಿ ಆಡುವ ಜಾಗವಾದ್ದರಿಂದ ಇನ್ನು ಮುಂದೆ ಸಾವಯವ ಪದ್ಧತಿಯಲ್ಲೇ ನೋಡಿಕೊಳ್ಳಬೇಕೆಂದಿದ್ದೇವೆ. ವರ್ಷವಿಡೀ ಯಾವಾಗ ಏನು ಮಾಡಬೇಕೆಂದು ತಿಳಿಸುವಿರಾ?
– ನಿವೃತ್ತ ಉಪನ್ಯಾಸಕಿ, ಮೈಸೂರು

ಉತ್ತರ: ಯೂರಿಯಾದ ಸಾರಜನಕ ನೀರಿನಲ್ಲಿ ಬೇಗ ಕರಗಿ ಎಲೆಗೆ ಏರುತ್ತದೆ, ಉಳಿದದ್ದು ಅಷ್ಟೇ ಬೇಗ ಮಣ್ಣಿನಿಂದ ಇಳಿದುಹೋಗುತ್ತದೆ. ಮೈಸೂರಿನ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ ಇರುವುದರಿಂದ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಮಣ್ಣಿಗಿಲ್ಲ. ನೀವು ಕಂಡ ಹಸಿರು ಮತ್ತು ಹಳದಿಯ ಏರಿಳಿತಕ್ಕೆ ಇದೇ ಕಾರಣ. ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ: ಯೂರಿಯಾ ನಿಲ್ಲಿಸಿದ ಮೊದಲ ಕೆಲವು ತಿಂಗಳು ಹುಲ್ಲು ಮಂಕಾಗಿಯೇ ಇರುತ್ತದೆ, ಮಾಲಿಯೂ ನೆರೆಯವರೂ ‘ಒಂದು ಹಿಡಿ ಹಾಕಿ’ ಎಂದು ಒತ್ತಾಯಿಸುತ್ತಾರೆ. ಆಗ ಮನಸ್ಸು ಬದಲಿಸಿದರೆ ಮಾಡಿದ ಕೆಲಸವೆಲ್ಲ ಮೊದಲಿಗೆ ಬರುತ್ತದೆ.

ಹುಲ್ಲಿನ ಮಟ್ಟಿಗೆ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಯುಗಾದಿಯ ಆಸುಪಾಸಿನ ಮೊದಲ ಹದಮಳೆಯಿಂದ. ಮೈಸೂರಿನ ಮಳೆಗೆ ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಏರು. ನಿಮ್ಮ ವರ್ಷದ ದೊಡ್ಡ ಕೆಲಸಗಳೆರಡನ್ನೂ ಈ ಎರಡು ಏರುಗಳಿಗೆ ಹೊಂದಿಸಿಕೊಂಡರೆ ಉಳಿದ ತಿಂಗಳುಗಳಲ್ಲಿ ಕತ್ತರಿಸುವುದು ಮತ್ತು ನೀರು ಕೊಡುವುದನ್ನು ಬಿಟ್ಟು ಹೆಚ್ಚೇನೂ ಇರುವುದಿಲ್ಲ.

ಮಾರ್ಚ್ ತಿಂಗಳಲ್ಲೇ ಮಣ್ಣು ಪರೀಕ್ಷೆ ಮಾಡಿಸಿ. ಹಾಸಿನ ಐದಾರು ಕಡೆ ಗೇಣುದ್ದಕ್ಕಿಂತ ಕಡಿಮೆ, ಅಂದರೆ 10ರಿಂದ 15 ಸೆಂ.ಮೀ. ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕೆ.ಜಿ.ಯಷ್ಟನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಬಹುದು. ನಿಮಗೆ ಸುತ್ತೂರಿನದು ಹತ್ತಿರ. ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, pH) ಎಷ್ಟಿದೆ ಎಂದು ತಿಳಿಯದೆ ಸುಣ್ಣ ಹಾಕಬೇಡಿ.

ಭರಣಿ ಅಥವಾ ಕೃತ್ತಿಕಾ ಮಳೆ ಬಿದ್ದು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ, ನೆಲ ಮೆತ್ತಗಾದ ಕೂಡಲೇ ಮೊದಲ ದೊಡ್ಡ ಕೆಲಸ. ಮೂರು ವರ್ಷ ಓಡಾಡಿದ ಹಾಸಿನ ನೆಲ ಗಟ್ಟಿಯಾಗಿರುತ್ತದೆ. ತೋಟದ ಫೋರ್ಕನ್ನು ನಾಲ್ಕು ಬೆರಳು ಅಂತರಕ್ಕೊಮ್ಮೆ ನೆಟ್ಟಗೆ ಒತ್ತಿ, ಸ್ವಲ್ಪ ಅಲ್ಲಾಡಿಸಿ ಹೊರತೆಗೆಯುತ್ತ ಹೋಗಬೇಕು. ಬೆನ್ನು ನೋಯುವ ಕೆಲಸ, ಆದರೆ ಸಾವಯವ ಪದ್ಧತಿಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ, ಏಕೆಂದರೆ ಗಾಳಿಯಾಡದ ಮಣ್ಣಿನಲ್ಲಿ ಎಷ್ಟು ಗೊಬ್ಬರ ಸುರಿದರೂ ಅದನ್ನು ಕೊಳೆಸಿ ಬೇರಿಗೆ ಒದಗಿಸುವ ಜೀವಿಗಳು ಬದುಕುವುದಿಲ್ಲ. ತೂತುಗಳು ತೆರೆದಿರುವಾಗಲೇ, ಜರಡಿ ಹಿಡಿದ ಎರೆಗೊಬ್ಬರ 50 ಕೆ.ಜಿ., ಪುಡಿ ಮಾಡಿದ ಬೇವಿನ ಹಿಂಡಿ 10 ಕೆ.ಜಿ. ಮತ್ತು ಅವೆರಡೂ ಸಮನಾಗಿ ಹರಡುವಷ್ಟು ಜರಡಿ ಹಿಡಿದ ಮಣ್ಣನ್ನು ಬೆರೆಸಿ ಗುಂಟೆಗೆ ಎರಚಿ, ಕಡ್ಡಿಪೊರಕೆಯ ಬೆನ್ನಿನಿಂದ ಹುಲ್ಲಿನ ಬುಡಕ್ಕೆ ಇಳಿಯುವಂತೆ ಎಳೆಯಿರಿ. ಹುಲ್ಲಿನ ತುದಿ ಮುಚ್ಚಬಾರದು. ಕೊಟ್ಟಿಗೆ ಗೊಬ್ಬರ ಹಾಕುವುದಾದರೆ ಪೂರ್ತಿ ಕಳಿತು, ಕೈಗೆ ತೆಗೆದುಕೊಂಡರೆ ಸಗಣಿಯ ವಾಸನೆಯೇ ಇಲ್ಲದಂತಾಗಿರಬೇಕು. ಅರೆಕಳಿತ ಗೊಬ್ಬರ ಕಳೆಬೀಜವನ್ನೂ ಹುಳುವನ್ನೂ ಜೊತೆಗೆ ತರುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಹೆಚ್ಚು ಎಂಬುದು ನಿಜ, ಆದರೆ ಅದರ ವಾಸನೆಗೆ ಬೀದಿನಾಯಿಗಳೂ ಹೆಗ್ಗಣಗಳೂ ಬಂದು ರಾತ್ರಿಯೆಲ್ಲ ಕೆದಕುವುದರಿಂದ ಮನೆ ಮುಂದಿನ ಹುಲ್ಲುಹಾಸಿಗೆ ನಾನು ಅದನ್ನು ಹೇಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ್ಯವಾದದ್ದು ಕತ್ತರಿ. ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಬರ್ಮುಡಾವನ್ನು 3ರಿಂದ 4 ಸೆಂ.ಮೀ. ಎತ್ತರದಲ್ಲಿ ಉಳಿಸಿಕೊಂಡರೆ ನೆಲಕ್ಕೆ ನೆರಳಾಗಿ ಕಳೆ ಕಡಿಮೆಯಾಗುತ್ತದೆ. ಕತ್ತರಿಸಿದ ಮರುದಿನ ಎಲೆಯ ತುದಿಯನ್ನು ಬಗ್ಗಿ ನೋಡಿ: ನೇರವಾಗಿ ಕತ್ತರಿಸಿದ್ದರೆ ಯಂತ್ರ ಸರಿಯಿದೆ, ನಾರುನಾರಾಗಿ ಬಿಳಿಚಿಕೊಂಡಿದ್ದರೆ ಅಲಗು ಮೊಂಡಾಗಿದೆ, ಸಾಣೆ ಹಿಡಿಸಬೇಕು. ಬಿದ್ದ ಚೂರುಗಳು ಸಣ್ಣವಾಗಿದ್ದರೆ ಅಲ್ಲೇ ಬಿಡಿ, ಅದು ಬಿಟ್ಟಿ ಗೊಬ್ಬರ. ಬಹಳಷ್ಟು ಮನೆಗಳಲ್ಲಿ ಅದನ್ನು ಗುಡಿಸಿ ಚೀಲದಲ್ಲಿ ತುಂಬಿ ಕಸದ ಗಾಡಿಗೆ ಕೊಟ್ಟು, ಮರುವಾರ ಅಂಗಡಿಯಿಂದ ಗೊಬ್ಬರ ತರುತ್ತಾರೆ.

ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ಕಲಸಿ ಹುದುಗಿಸಿದ ದ್ರವಗೊಬ್ಬರ) ಮಾಡುವ ಅನುಕೂಲವಿದ್ದರೆ ಮಳೆಯ ಬಿಡುವಿನಲ್ಲಿ ತಿಂಗಳಿಗೊಮ್ಮೆ ಕೊಡಬಹುದು. ಎಕರೆಗೆ 200 ಲೀಟರ್ ಎಂಬ ವಾಡಿಕೆಯ ಲೆಕ್ಕದಲ್ಲಿ ಗುಂಟೆಗೆ ಬೇಕಾಗುವುದು 5 ಲೀಟರ್ ಮಾತ್ರ, ಅದನ್ನು ಹತ್ತರಷ್ಟು ನೀರಿನಲ್ಲಿ ಬೆರೆಸಿ ಚಿಮುಕಿಸಿದರೆ ಸಾಕು.

ಹಸ್ತ ಮತ್ತು ಚಿತ್ತಾ ಮಳೆಯ ನಡುವೆ, ಅಕ್ಟೋಬರ್ ಮೊದಲ ಎರಡು ವಾರಗಳಲ್ಲಿ, ಮೇ ತಿಂಗಳ ಕೆಲಸವನ್ನು ಅರ್ಧ ಪ್ರಮಾಣದ ಗೊಬ್ಬರದೊಂದಿಗೆ ಇನ್ನೊಮ್ಮೆ ಮಾಡಿ, ಬೋಳಾದ ಕಡೆ ಅದೇ ಹುಲ್ಲಿನ ತುಂಡು ಬಳ್ಳಿ ನೆಡಿ. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಬರ್ಮುಡಾ ತಾನಾಗಿ ನಿಧಾನಿಸುತ್ತದೆ; ಆಗ ಗೊಬ್ಬರ ಬೇಡ.

ಇನ್ನು ಬೇಸಿಗೆಯ ನೀರು. ಒಂದು ಗುಂಟೆಗೆ ಒಂದು ಅಂಗುಲ ನೀರು ಕೊಡಲು ಸುಮಾರು 2,500 ಲೀಟರ್ ಬೇಕು. ಈ ಲೆಕ್ಕವನ್ನು ಹಾಸು ಹಾಕಿಸುವ ಮೊದಲು ಯಾರೂ ಹೇಳುವುದಿಲ್ಲ. ದಿನವೂ ಸಂಜೆ ಪೈಪು ಹಿಡಿದು ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ರಾತ್ರಿಯೆಲ್ಲ ಒದ್ದೆಯಾದ ಎಲೆಗೆ ಶಿಲೀಂಧ್ರವೂ ಹತ್ತುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಬೆಳಗಿನ ಜಾವ, ಸ್ಕ್ರೂಡ್ರೈವರ್ ಸಲೀಸಾಗಿ ಒಂದು ಗೇಣು ಇಳಿಯುವಷ್ಟು ನೆನೆಸಿ. ನೀರಿಲ್ಲದ ವರ್ಷ ಹಾಸು ಕಂದಿದರೆ ಕಂದಲಿ. ಬರ್ಮುಡಾ ನಮ್ಮ ಗರಿಕೆಯ ಕುಲದ್ದೇ ಆದ್ದರಿಂದ ಮೇಲೆ ಒಣಗಿದರೂ ಬುಡ ಜೀವ ಹಿಡಿದಿದ್ದು ಮೊದಲ ಮಳೆಗೆ ಚಿಗುರುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದನ್ನು ನೆನಪಿಟ್ಟುಕೊಂಡು, ಗುಂಟೆಯಲ್ಲಿ ಅರ್ಧ ಭಾಗವನ್ನು ಬೇರೆ ಗಿಡಗಳಿಗೆ ಬಿಟ್ಟುಕೊಡುವ ಬಗ್ಗೆಯೂ ಯೋಚಿಸಿ.

ಪ್ರಶ್ನೆ: ಹುಲ್ಲುಹಾಸಿನ ತುಂಬ ಜೇಕು ಬೆಳೆದಿದೆ. ಕಿತ್ತಷ್ಟೂ ಹೆಚ್ಚಾಗುತ್ತಿದೆ. ಕಳೆನಾಶಕ ಬೇಡವೆಂದು ಉಪ್ಪುನೀರು ಸುರಿಯಲು ಕೆಲವರು ಹೇಳುತ್ತಾರೆ. ಸರಿಯೇ?
– ಗೃಹಿಣಿ, ಬೆಂಗಳೂರು

ಉತ್ತರ: ಉಪ್ಪು ಖಂಡಿತ ಬೇಡ. ಅದು ಜೇಕಿಗಿಂತ ಮೊದಲು ನಿಮ್ಮ ಹುಲ್ಲನ್ನೂ ಮಣ್ಣನ್ನೂ ಕೆಡಿಸುತ್ತದೆ. ಅಡುಗೆಮನೆಯಲ್ಲಿ ಇರುವುದೆಲ್ಲ ಸಾವಯವ ಔಷಧಿಯಾಗುವುದಿಲ್ಲ. ಜೇಕಿನ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ, ಬುಡದಲ್ಲಿ ಒಂದಕ್ಕೊಂದು ದಾರದಂಥ ಬೇರಿನಿಂದ ಪೋಣಿಸಿಕೊಂಡ ಕಪ್ಪು ಗಡ್ಡೆಗಳಿರುತ್ತವೆ. ಕುತ್ತಿಗೆ ಹಿಡಿದು ಎಳೆದರೆ ಸೊಪ್ಪು ಮಾತ್ರ ಬಂದು, ನಿದ್ರಿಸುತ್ತಿದ್ದ ಪಕ್ಕದ ಗಡ್ಡೆಗಳೂ ಮೊಳೆಯುತ್ತವೆ. ಮಳೆ ಬಂದು ನೆಲ ಹದವಾದಾಗ ಕಿರಿದಾದ ಕಳೆಗುದ್ದಲಿಯಿಂದ ಆಳವಾಗಿ ಮೀಟಿ ಗಡ್ಡೆಸಹಿತ ತೆಗೆಯಿರಿ. ತಪ್ಪಿಹೋದವು ನಾಲ್ಕೈದು ಎಲೆ ಬಿಡುವುದರೊಳಗೆ, ಎರಡು ಮೂರು ವಾರಕ್ಕೊಮ್ಮೆ, ಬಿಡದೆ ಕೀಳುತ್ತ ಹೋದರೆ ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಮುಗಿಯುತ್ತದೆ. ಒಂದು ಮಳೆಗಾಲದಲ್ಲಿ ಇದು ಮುಗಿಯುವ ಕೆಲಸವಲ್ಲ, ಎರಡು ಬೇಕು. ಕಿತ್ತ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕದಿರಿ. ಇನ್ನು ಮುಂದೆ ಲಾರಿಯಲ್ಲಿ ಕೆಂಪು ಮಣ್ಣು ತರಿಸುವಾಗ ಒಂದು ಬುಟ್ಟಿ ಮಣ್ಣನ್ನು ಜರಡಿ ಹಿಡಿದು ನೋಡಿ, ಜೇಕು ಹೊಸ ಮನೆಗಳಿಗೆ ಬರುವುದು ಹೆಚ್ಚಾಗಿ ಆ ದಾರಿಯಲ್ಲೇ.

ಪ್ರಶ್ನೆ: ಸೆಪ್ಟೆಂಬರ್‌ನಿಂದ ನಮ್ಮ ಹುಲ್ಲು ಅಲ್ಲಲ್ಲಿ ಒಣಗಿ, ಎಳೆದರೆ ಚಾಪೆಯಂತೆ ಸುರುಳಿ ಸುತ್ತಿಕೊಂಡು ಬರುತ್ತಿದೆ. ನೀರು ಸಾಕಷ್ಟಿದೆ. ಏನು ಕಾರಣ?
– ಓದುಗರು, ಧಾರವಾಡ

ಉತ್ತರ: ಲಕ್ಷಣ ಗೊಣ್ಣೆಹುಳುವಿನದು. ಒಣಗಿದ ಜಾಗದ ಅಂಚಿನಲ್ಲಿ ಒಂದಡಿ ಚೌಕವನ್ನು ಮೂರು ಬದಿ ಕತ್ತರಿಸಿ ಮಡಚಿ ನೋಡಿ. ಕಂದು ತಲೆಯ, ಹಾಲುಬಿಳುಪಿನ, ಮೈ ಬಾಗಿಸಿ ಮಲಗಿದ ಹುಳುಗಳು ಒಂದೆರಡಿದ್ದರೆ ಚಿಂತೆಯಿಲ್ಲ. ಐದಾರಕ್ಕಿಂತ ಹೆಚ್ಚಿದ್ದರೆ ಬೇರು ಉಳಿದಿರುವುದಿಲ್ಲ. ಈಗ ಅವು ಬಲಿತಿರುವುದರಿಂದ ಅಗೆದು ಆರಿಸಿ ತೆಗೆಯುವುದೇ ನಂಬಬಹುದಾದ ದಾರಿ. ಬೆಳಗ್ಗೆ ಅಗೆದು ಹಾಗೇ ಬಿಟ್ಟರೆ ಗೊರವಂಕ ಮತ್ತು ಬೆಳ್ಳಕ್ಕಿಗಳು ಅರ್ಧ ಕೆಲಸ ಮುಗಿಸುತ್ತವೆ. ನಿಜವಾದ ಹತೋಟಿ ಮುಂದಿನ ಮುಂಗಾರಿಗೆ. ಮೊದಲ ದೊಡ್ಡ ಮಳೆಯ ನಂತರದ ಸಂಜೆಗಳಲ್ಲಿ ಈ ಹುಳುಗಳೇ ಬೆಳೆದು ಆದ ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳ ಎಲೆ ತಿನ್ನಲು ಸೇರುತ್ತವೆ. ಆಗ ಕೊಂಬೆ ಅಲ್ಲಾಡಿಸಿ ಉದುರಿಸಿ, ಸೋಪುನೀರಿನ ಬಾನಿಯ ಮೇಲೆ ದೀಪ ತೂಗಿಸಿ ಹಿಡಿದರೆ ಮೊಟ್ಟೆಯಿಡುವ ಮೊದಲೇ ಸಂಖ್ಯೆ ಇಳಿಯುತ್ತದೆ. ಜೂನ್–ಜುಲೈನಲ್ಲಿ ಮರಿಹುಳುಗಳಿರುವಾಗ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಎರೆಗೊಬ್ಬರದೊಂದಿಗೆ ಬೆರೆಸಿ, ಹಸಿ ನೆಲಕ್ಕೆ, ಬಿಸಿಲಿಳಿದ ಮೇಲೆ ಹಾಕಬೇಕು. ಒಣ ನೆಲದ ಮೇಲೆ ಮಧ್ಯಾಹ್ನ ಎರಚಿದರೆ ದುಡ್ಡು ದಂಡ.

ಪ್ರಶ್ನೆ: ಮಾವಿನ ಮರದ ಕೆಳಗೆ ಬರ್ಮುಡಾ ಹಾಕಿಸಿದರೆ ಪ್ರತಿ ಮಳೆಗಾಲವೂ ಸತ್ತು ಪಾಚಿ ಕಟ್ಟುತ್ತದೆ. ಯಾವ ಗೊಬ್ಬರ ಕೊಡಬೇಕು?
– ಓದುಗರು, ಮಂಗಳೂರು

ಉತ್ತರ: ಯಾವ ಗೊಬ್ಬರವೂ ಬೇಡ. ಬರ್ಮುಡಾಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಅದು ಮರದಡಿ ಸಿಗದು. ನಿಮ್ಮ ಕಡೆಯ ಜೂನ್–ಸೆಪ್ಟೆಂಬರ್ ಮಳೆಗೆ ಹಾಕಿದ ಗೊಬ್ಬರವೆಲ್ಲ ಚರಂಡಿ ಸೇರುತ್ತದೆ. ಮರದ ಅಂಚಿನ ಅರೆನೆರಳಿನಲ್ಲಿ ಅಗಲ ಎಲೆಯ ಬಫೆಲೋ ಹುಲ್ಲು ನೆಟ್ಟು, ಬುಡದ ಸುತ್ತ ಮಾವಿನ ತರಗೆಲೆಯನ್ನೇ ಹರಡಿಬಿಡಿ.